ಜೋತುಬಿದ್ದ ತೋಳಿನ ಚರ್ಮ: ಓದುಗರ ಪ್ರಶ್ನೆಗಳಿಗೆ ಪ್ಲಾಸ್ಟಿಕ್ ಸರ್ಜನ್ ಉತ್ತರ

ತೂಕ ಇಳಿಸಿಕೊಂಡ ಮೇಲೆ ರಟ್ಟೆಯ ಕೆಳಗೆ ಜೋತುಬೀಳುವ ಚರ್ಮದ ವಿಚಾರವಾಗಿ ಕೆಲವು ತಿಂಗಳುಗಳಿಂದ ಪತ್ರಗಳು ಬರುತ್ತಲೇ ಇವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಗುರುತು ಹತ್ತುವ ವಿವರಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ನನಗೆ 46 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷದ ಹಿಂದೆ 112 ಕಿಲೋ ಇದ್ದವಳು, ಜಠರವನ್ನು ಕಿರಿದು ಮಾಡುವ ಆಪರೇಷನ್ ಮಾಡಿಸಿಕೊಂಡು ಈಗ 70 ಕಿಲೋಗೆ ಬಂದಿದ್ದೇನೆ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಹತೋಟಿಯಲ್ಲಿವೆ. ಆದರೆ ಎರಡೂ ರಟ್ಟೆಗಳ ಕೆಳಗೆ ಚರ್ಮ ಇಳಿಬಿದ್ದು ಅಲ್ಲಾಡುತ್ತದೆ. ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದರೆ ಮಕ್ಕಳ ಕಣ್ಣು ಅಲ್ಲಿಗೇ ಹೋಗುತ್ತದೆ. ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆಯನ್ನೇ ತೊಡುತ್ತೇನೆ. ಕಂಕುಳ ಬಳಿ ಬೆವರು ನಿಂತು ತುರಿಕೆಯಾಗುತ್ತದೆ. ಜಿಮ್ಮಿನವರು ಡಂಬೆಲ್ ಎತ್ತಿದರೆ ಸರಿಹೋಗುತ್ತದೆ ಎಂದರು. ಆರು ತಿಂಗಳಾದರೂ ಚರ್ಮ ಹಾಗೆಯೇ ಇದೆ. ಆಪರೇಷನ್ ವಿಷಯ ಎತ್ತಿದರೆ ನಮ್ಮ ಯಜಮಾನರು "ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು?" ಎನ್ನುತ್ತಾರೆ. ಇದು ಎಷ್ಟು ದೊಡ್ಡ ಆಪರೇಷನ್? ಕಲೆ ಉಳಿಯುತ್ತದೆಯೇ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ಜಿಮ್ಮಿನ ಮಾತನ್ನು ಮುಗಿಸಿಬಿಡೋಣ. ವ್ಯಾಯಾಮದಿಂದ ಬೆಳೆಯುವುದು ಸ್ನಾಯು. ರಟ್ಟೆಯ ಹಿಂಬದಿಯ ಟ್ರೈಸೆಪ್ಸ್ ಸ್ನಾಯು ಸ್ವಲ್ಪ ದಪ್ಪವಾದಾಗ ಅದರ ಮೇಲಿನ ಚರ್ಮ ಅಷ್ಟರಮಟ್ಟಿಗೆ ತುಂಬಿಕೊಂಡಂತೆ ಕಾಣಬಹುದು, ಅಷ್ಟೇ. ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಮತ್ತು ಎಳೆದರೆ ಹಿಂದಕ್ಕೆ ಸೇರುವ ಗುಣ ಕೊಡುವ ಎಲಾಸ್ಟಿನ್ ಎಂಬ ಎಳೆಗಳು ಹಲವಾರು ವರ್ಷಗಳ ಕಾಲ ಬೊಜ್ಜಿನ ಭಾರಕ್ಕೆ ಹಿಗ್ಗಿ ಹರಿದುಹೋಗಿರುತ್ತವೆ. ಕೊಬ್ಬು ಕರಗಿದ ಮಾತ್ರಕ್ಕೆ ಅವು ಮತ್ತೆ ಕೂಡಿಕೊಳ್ಳುವುದಿಲ್ಲ. ನೀವು ಆರು ತಿಂಗಳು ಪಟ್ಟ ಶ್ರಮದಲ್ಲಿ ಕೊರತೆಯೇನೂ ಇರಲಿಲ್ಲ, ಅದು ಆ ಕೆಲಸಕ್ಕೆ ತಕ್ಕ ಉಪಾಯವಾಗಿರಲಿಲ್ಲ. ಎಣ್ಣೆ, ಮುಲಾಮು, ಮಸಾಜುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಗೆಂದು ವ್ಯಾಯಾಮವನ್ನು ಬಿಡಬೇಡಿ. ಇಳಿದ ತೂಕ ಮತ್ತೆ ಏರದಂತೆ ಕಾಯುವುದು ಅದೇ.

ಹೆಚ್ಚುವರಿ ಚರ್ಮವನ್ನು ಅದರಡಿಯ ಕೊಬ್ಬಿನೊಂದಿಗೆ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಬ್ರಾಕಿಯೋಪ್ಲಾಸ್ಟಿ ಎನ್ನುತ್ತಾರೆ. ಆಸ್ಪತ್ರೆಗಳ ಫಲಕಗಳಲ್ಲಿ 'ಆರ್ಮ್ ಲಿಫ್ಟ್' ಎಂದು ಕಾಣುವುದೂ ಇದೇ. ಸಡಿಲವಾದ ರವಿಕೆಯ ತೋಳನ್ನು ದರ್ಜಿ ಉದ್ದಕ್ಕೆ ಹಿಡಿದು ಒಳಹೊಲಿಗೆ ಹಾಕುವಂತೆಯೇ ಇಲ್ಲಿಯೂ ಸುತ್ತಳತೆ ಕಡಿಮೆಯಾಗಬೇಕಾದರೆ ಹೊಲಿಗೆ ಉದ್ದಕ್ಕೇ ಬರಬೇಕಾಗುತ್ತದೆ. ಕಂಕುಳೊಳಗೇ ಮುಚ್ಚಿಹೋಗುವ ಸಣ್ಣ ಗಾಯದಿಂದ ಕೆಲಸ ಮುಗಿಸುವ ವಿಧಾನವೂ ಉಂಟು, ಆದರೆ ಅದು ಕಂಕುಳ ಸಮೀಪ ಮಾತ್ರ ಸ್ವಲ್ಪ ಸಡಿಲವಿದ್ದವರಿಗೆ. 42 ಕಿಲೋ ಇಳಿಸಿರುವ ನಿಮ್ಮಂಥವರಿಗೆ ಕಂಕುಳಿನಿಂದ ಮೊಣಕೈವರೆಗೂ ಗಾಯ ಬರುವ ಸಾಧ್ಯತೆಯೇ ಹೆಚ್ಚು. ಸಡಿಲತೆ ಪಕ್ಕೆಯವರೆಗೂ ಇಳಿದಿದ್ದರೆ ಗಾಯವೂ ಕಂಕುಳನ್ನು ದಾಟಿ ಎದೆಯ ಪಕ್ಕಕ್ಕೆ ಮುಂದುವರಿಯುತ್ತದೆ.

ಕಲೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತವಾಗಿ ಉಳಿಯುತ್ತದೆ, ಎರಡೂ ತೋಳುಗಳ ಉದ್ದಕ್ಕೂ ಉಳಿಯುತ್ತದೆ. ಈ ಶಸ್ತ್ರಚಿಕಿತ್ಸೆಯನ್ನು ಕುರಿತ ಎಲ್ಲ ತೀರ್ಮಾನಗಳೂ ಈ ಒಂದು ಸಂಗತಿಯ ಮೇಲೆ ನಿಲ್ಲಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹೊಟ್ಟೆಯ ಚರ್ಮ ತೆಗೆಸಿದವರ ಕಲೆ ಸೀರೆಯ ನೆರಿಗೆಯ ಕೆಳಗೆ ಅಡಗುತ್ತದೆ. ತೋಳಿನ ಕಲೆಗೆ ಅಂಥ ಮರೆ ಇಲ್ಲ. ಕೆಲವು ಸರ್ಜನ್ನರು ಅದನ್ನು ರಟ್ಟೆಯ ಒಳಮಗ್ಗುಲಲ್ಲಿ, ಎರಡು ಸ್ನಾಯುಗಳ ನಡುವಿನ ತಗ್ಗಿನಲ್ಲಿ ಕೂರಿಸುತ್ತಾರೆ; ಕೈ ಇಳಿಬಿಟ್ಟಾಗ ಕಾಣುವುದಿಲ್ಲ, ಎತ್ತಿದರೆ ಕಾಣುತ್ತದೆ. ಇನ್ನು ಕೆಲವರು ಹಿಂಬದಿಗೆ ಒಯ್ಯುತ್ತಾರೆ. ಆಗ ಕನ್ನಡಿಯ ಎದುರು ನಿಂತ ನಿಮಗೆ ಕಾಣದಿದ್ದರೂ ನಿಮ್ಮ ಹಿಂದೆ ನಿಂತವರಿಗೆ ಕಾಣುತ್ತದೆ. ತರಗತಿಯಲ್ಲಿ ಮಕ್ಕಳಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುವ ನೀವು ಒಳಮಗ್ಗುಲಿನ ಕಲೆಯನ್ನು ಆರಿಸಿಕೊಳ್ಳುವುದು ಮೇಲೆಂದು ತೋರುತ್ತದೆ, ಆದರೂ ಇದನ್ನು ನಿಮ್ಮ ಸರ್ಜನ್ನರ ಜೊತೆ ಕನ್ನಡಿಯ ಮುಂದೆ ನಿಂತು ಕೈ ಎತ್ತಿ ಇಳಿಸಿ ನೋಡಿ ನಿರ್ಧರಿಸಿಕೊಳ್ಳಿ.

ಕಲೆ ಮೊದಲ ಎರಡು ಮೂರು ತಿಂಗಳಲ್ಲಿ ಕೆಂಪಾಗಿ, ಉಬ್ಬಿ, ಗಟ್ಟಿಯಾಗಿ ತೀರಾ ಕೆಟ್ಟದಾಗಿ ಕಾಣುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಮಾಡಿಸಿದ್ದಕ್ಕೆ ಪಶ್ಚಾತ್ತಾಪಪಡುತ್ತಾರೆ. ಅದು ಮಾಗಿ, ಮೆತ್ತಗಾಗಿ, ಬಣ್ಣ ತಿಳಿಯಾಗಲು 12ರಿಂದ 18 ತಿಂಗಳು ಬೇಕು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಲೆ ಕಪ್ಪಾಗುವುದು ಮತ್ತು ಗಾಯದ ಎಲ್ಲೆ ಮೀರಿ ಗಂಟುಗಂಟಾಗಿ ಬೆಳೆಯುವುದು, ಅಂದರೆ ಕೀಲಾಯ್ಡ್ ಆಗುವುದು, ಬಿಳಿಯರಿಗಿಂತ ಹೆಚ್ಚು. ನಿಮ್ಮ ಮೈಗೆ ಆ ಸ್ವಭಾವ ಇದೆಯೇ ಎಂಬುದಕ್ಕೆ ಸುಳಿವು ನಿಮ್ಮಲ್ಲೇ ಇರಬಹುದು. ಮಗುವಾಗಿದ್ದಾಗ ಎಡ ರಟ್ಟೆಗೆ ಹಾಕಿಸಿದ ಬಿ.ಸಿ.ಜಿ. ಲಸಿಕೆಯ ಗುರುತು ಚಪ್ಪಟೆಯಾಗಿದೆಯೇ, ಉಬ್ಬಿ ಬೆಳೆದಿದೆಯೇ? ಕಿವಿ, ಮೂಗು ಚುಚ್ಚಿಸಿದಲ್ಲಿ ಗಂಟಾಗಿದೆಯೇ? ಜಠರದ ಶಸ್ತ್ರಚಿಕಿತ್ಸೆಯ ಸಣ್ಣ ರಂಧ್ರಗಳ ಕಲೆಗಳು ಈಗ ಹೇಗಿವೆ? ಇವುಗಳಲ್ಲಿ ಯಾವುದಾದರೂ ಉಬ್ಬಿ ಬೆಳೆದಿದ್ದರೆ ಸರ್ಜನ್ನರಿಗೆ ಮೊದಲ ಭೇಟಿಯಲ್ಲೇ ತೋರಿಸಿ. ಅಂಥವರಿಗೆ ನಾನು ಸಾಮಾನ್ಯವಾಗಿ ಈ ಶಸ್ತ್ರಚಿಕಿತ್ಸೆ ಬೇಡವೆಂದೇ ಹೇಳುತ್ತೇನೆ.

ಶಸ್ತ್ರಚಿಕಿತ್ಸೆ ನಡೆಯುವ ಬಗೆ ಹೀಗಿದೆ. ಆ ದಿನ ಬೆಳಿಗ್ಗೆ ನಿಮ್ಮನ್ನು ನಿಲ್ಲಿಸಿ ಅಥವಾ ಕೂರಿಸಿ, ರಟ್ಟೆಗಳನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿಸಿ, ಮೊಣಕೈ ಮಡಿಸಲು ಹೇಳುತ್ತಾರೆ. ಸರ್ಜನ್ ಜೋತಿರುವ ಚರ್ಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಲವು ಕಡೆ ಚಿವುಟಿ ಹಿಡಿದು, ಎಷ್ಟು ತೆಗೆದರೆ ಅಂಚುಗಳು ಬಿಗಿಯಾಗದೆ ಕೂಡುತ್ತವೆ ಎಂಬುದನ್ನು ಪೆನ್ನಿನಿಂದ ಗುರುತು ಮಾಡಿಕೊಳ್ಳುತ್ತಾರೆ. ಮಲಗಿದ ಮೇಲೆ ಚರ್ಮ ಬೇರೆ ರೀತಿ ಹರಡಿಕೊಳ್ಳುವುದರಿಂದ ಈ ಗುರುತನ್ನು ಮೇಜಿನ ಮೇಲೆ ಮಾಡಲಾಗದು. ಪೂರ್ಣ ಅರಿವಳಿಕೆ ಕೊಟ್ಟ ನಂತರ ಎರಡೂ ತೋಳುಗಳಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಕತ್ತರಿಸುತ್ತಿರುವಂತೆಯೇ ತೋಳು ಊದತೊಡಗುವುದರಿಂದ, ಅಳತೆ ಮೀರಿ ತೆಗೆದರೆ ಗಾಯ ಮುಚ್ಚಲಾಗದ ಪರಿಸ್ಥಿತಿ ಬರಬಹುದು. ಅದಕ್ಕಾಗಿ ಅನುಭವಿಗಳು ಒಂದಿಷ್ಟು ತೆಗೆದು, ಅಷ್ಟನ್ನು ಹೊಲಿದು, ಆಮೇಲೆ ಮುಂದಿನ ಭಾಗಕ್ಕೆ ಹೋಗುತ್ತಾರೆ. ಕಂಕುಳಿನಲ್ಲಿ ಹೊಲಿಗೆ ನೇರವಾಗಿ ಹಾದುಹೋದರೆ ಮುಂದೆ ಕಲೆ ಬಿಗಿದು ಕೈ ಎತ್ತಲು ಅಡ್ಡಿಯಾಗುತ್ತದೆ. ಆದ್ದರಿಂದ ಅಲ್ಲಿ ಅದನ್ನು ಅಂಕುಡೊಂಕಾಗಿ ತಿರುಗಿಸುತ್ತಾರೆ.

ತೊಡಕುಗಳಲ್ಲಿ ಹೆಚ್ಚಾಗಿ ಕಾಣುವುದು ಕಂಕುಳ ಬಳಿ ಹೊಲಿಗೆ ಸ್ವಲ್ಪ ಬಿಟ್ಟುಕೊಳ್ಳುವುದು, ಚರ್ಮದ ಕೆಳಗೆ ನೀರು ತುಂಬಿಕೊಳ್ಳುವುದು, ಕಲೆ ಅಗಲವಾಗುವುದು. ಇವು ಅಪರೂಪವಲ್ಲ, ಆದರೆ ಸಾಮಾನ್ಯವಾಗಿ ಪಟ್ಟಿ ಕಟ್ಟುವುದರಿಂದಲೋ ಸೂಜಿಯಲ್ಲಿ ನೀರು ತೆಗೆಯುವುದರಿಂದಲೋ ಗುಣವಾಗುತ್ತವೆ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆ ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಇರುವಂತೆ ಇಲ್ಲಿಯೂ ಉಂಟು. ಈ ಜಾಗಕ್ಕೇ ವಿಶೇಷವಾದದ್ದು ನರದ ಪೆಟ್ಟು. ಮುಂಗೈಯ ಒಳಬದಿಗೆ ಸ್ಪರ್ಶ ಒದಗಿಸುವ ನರವೊಂದು ರಟ್ಟೆಯ ಕೆಳಭಾಗದಲ್ಲಿ ದೊಡ್ಡ ಅಭಿಧಮನಿಯೊಂದರ ಮಗ್ಗುಲಲ್ಲೇ ಚರ್ಮದ ಕಡೆಗೆ ಏರಿಬರುತ್ತದೆ. ಅದನ್ನು ಕಾಪಾಡಲೆಂದೇ ಸ್ನಾಯುವಿನ ಮೇಲೆ ತೆಳುವಾದ ಕೊಬ್ಬಿನ ಪದರವನ್ನು ಬಿಟ್ಟು ಕತ್ತರಿಸುತ್ತಾರೆ. ಪೆಟ್ಟಾದರೆ ಕೈಯ ಬಲ ಕುಂದುವುದಿಲ್ಲ, ಆದರೆ ಮುಂಗೈಯಲ್ಲಿ ಮರಗಟ್ಟಿದ ಭಾವವೋ ಚುಚ್ಚುವ ನೋವೋ ಬಹುಕಾಲ ಉಳಿಯಬಹುದು. ಗಾಯದ ಸುತ್ತ ತಾತ್ಕಾಲಿಕವಾಗಿ ಜೋಮು ಹಿಡಿದಂತಿರುವುದು ಮಾತ್ರ ಸಹಜ.

ನಿಮ್ಮ ವಿಷಯದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ನೋಡಬೇಕಾದವು: ತೂಕ ಕನಿಷ್ಠ ಆರು ತಿಂಗಳಿಂದ ಏರಿಳಿಯದೆ ನಿಂತಿರಬೇಕು, ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಹತೋಟಿಯಲ್ಲಿರಬೇಕು, ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12, ಪ್ರೋಟೀನ್ ಮಟ್ಟಗಳನ್ನು ಪರೀಕ್ಷಿಸಬೇಕು. ಜಠರ ಕಿರಿದಾದವರು ಊಟವನ್ನು ಸ್ವಲ್ಪವೇ ಮಾಡುವುದರಿಂದ ಇವುಗಳಲ್ಲಿ ಕೊರತೆ ಸಾಮಾನ್ಯ, ಮತ್ತು ಪ್ರೋಟೀನ್ ಕಡಿಮೆಯಿದ್ದವರ ಗಾಯ ಬೇಗ ಕೂಡುವುದಿಲ್ಲ. ಬೇಳೆ, ಮೊಟ್ಟೆ, ಪನೀರ್, ಮೊಸರು ಇವುಗಳಲ್ಲಿ ನಿಮಗೆ ಹಿಡಿಸುವುದನ್ನು ಎರಡು ತಿಂಗಳ ಮೊದಲಿನಿಂದಲೇ ಹೆಚ್ಚಿಸಿ.

ಕಾಲವನ್ನು ಕುರಿತು ಒಂದು ಮಾತು. ನಾಲ್ಕರಿಂದ ಆರು ವಾರ ಬಿಗಿಯಾದ ಒತ್ತುತೋಳು, ಅಂದರೆ ಕಂಪ್ರೆಷನ್ ಗಾರ್ಮೆಂಟ್, ತೊಡಬೇಕು. ಅಷ್ಟೂ ದಿನ ಬಿಂದಿಗೆ, ಕುಕ್ಕರ್, ಪುಸ್ತಕದ ಕಟ್ಟು ಯಾವುದನ್ನೂ ಎತ್ತಬಾರದು. ಮೊದಲ ಕೆಲವು ವಾರ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಚಾಚಬಾರದು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರು ಎರಡು ವಾರದೊಳಗೆ ಹೋಗಬಹುದು, ಬೋರ್ಡಿನ ಮೇಲೆ ಬರೆಯುವವರು ಹೋಗಲಾರರು. ದಸರಾ ರಜೆ ನಿಮಗೆ ಸಾಲದು. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯೇ ಸೂಕ್ತ. ಸೆಕೆಗೆ ಒತ್ತುತೋಳು ಹಿಂಸೆಯಾಗುತ್ತದೆ ಎಂಬುದು ನಿಜವಾದರೂ ಬದಲಾಯಿಸಿಕೊಳ್ಳಲು ಎರಡು ಜೊತೆ ಇಟ್ಟುಕೊಂಡರೆ ನಿಭಾಯಿಸಬಹುದು. ಮನೆಯಲ್ಲಿ ಮೊದಲ ವಾರ ತಲೆ ಬಾಚಲು, ರವಿಕೆ ತೊಡಲು ಕೂಡ ಇನ್ನೊಬ್ಬರ ಕೈ ಬೇಕಾಗುತ್ತದೆ. ಆದ್ದರಿಂದ ನಿಮ್ಮ ಯಜಮಾನರನ್ನು ಒಮ್ಮೆ ಸಲಹೆಯ ಭೇಟಿಗೆ ಕರೆದುಕೊಂಡು ಹೋಗಿ. ಇದು ಯಾರಿಗೋ ತೋರಿಸುವ ಮಾತಲ್ಲ, ಬೆವರಿ ತುರಿಸುವ ಚರ್ಮವನ್ನು ದಿನವಿಡೀ ಹೊತ್ತು ತಿರುಗುವವರ ಮಾತು ಎಂದು ವೈದ್ಯರ ಬಾಯಿಂದ ಕೇಳಿದರೆ ಅವರಿಗೂ ಮನವರಿಕೆಯಾದೀತು. ಎಲ್ಲವನ್ನೂ ಕೇಳಿದ ಮೇಲೆ ಆ ಉದ್ದನೆಯ ಕಲೆ ಬೇಡವೆನಿಸಿದರೆ ಅದೂ ಸರಿಯಾದ ತೀರ್ಮಾನವೇ. ತುರಿಕೆಗೆ ಚರ್ಮತಜ್ಞರಲ್ಲಿ ಚಿಕಿತ್ಸೆ ಇದೆ.

ಪ್ರಶ್ನೆ: ನನಗೆ 26 ವರ್ಷ. ಇನ್ನು ಮೂರು ತಿಂಗಳಲ್ಲಿ ಮದುವೆ. ನನ್ನ ರಟ್ಟೆಗಳು ದಪ್ಪ. ಆರತಕ್ಷತೆಗೆ ತೋಳಿಲ್ಲದ ರವಿಕೆ ಹೊಲಿಸಬೇಕೆಂದಿದ್ದೇನೆ. ಬ್ಯೂಟಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ಕರಗಿಸುವ ಇಂಜೆಕ್ಷನ್ ಕೊಡುತ್ತೇವೆ, ಬೇಡವಾದರೆ ಆರ್ಮ್ ಲಿಫ್ಟ್ ಮಾಡಿಸುತ್ತೇವೆ ಎಂದಿದ್ದಾರೆ. ಯಾವುದು ಒಳ್ಳೆಯದು?
— ತುಮಕೂರು

ಉತ್ತರ: ಮದುವೆಗೆ ಮುನ್ನ ಎರಡೂ ಬೇಡ.

ನಿಮ್ಮ ಪತ್ರದಲ್ಲಿ ತೋಳು ದಪ್ಪವೆಂದಿದೆಯೇ ಹೊರತು ಚರ್ಮ ಜೋತಿದೆ ಎಂದಿಲ್ಲ. 26ರ ಪ್ರಾಯದಲ್ಲಿ, ದೊಡ್ಡ ಪ್ರಮಾಣದಲ್ಲಿ ತೂಕ ಇಳಿಸಿರದಿದ್ದರೆ, ಚರ್ಮಕ್ಕೆ ಕುಗ್ಗುವ ಶಕ್ತಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಂಥವರಿಗೆ ಚರ್ಮ ಕತ್ತರಿಸುವ ಅಗತ್ಯವೇ ಇಲ್ಲ. ಅಷ್ಟಕ್ಕೂ ಬೇಕೆನಿಸಿದರೆ ಲೈಪೊಸಕ್ಷನ್, ಅಂದರೆ ಸಣ್ಣ ರಂಧ್ರಗಳ ಮೂಲಕ ತೆಳುವಾದ ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುವ ವಿಧಾನವನ್ನು ಯೋಚಿಸಬಹುದು. ಅದರ ಊತ ಪೂರ್ತಿ ಇಳಿದು ತೋಳಿನ ಆಕಾರ ಕಾಣಲು ಮೂರು ತಿಂಗಳಾದರೂ ಬೇಕು, ಎಂದರೆ ನಿಮ್ಮ ಆರತಕ್ಷತೆಯ ದಿನ ಇನ್ನೂ ಏರುಪೇರು ಉಳಿದಿರಬಹುದು. ಆರ್ಮ್ ಲಿಫ್ಟ್ ಮಾಡಿಸಿದರಂತೂ ತೋಳಿಲ್ಲದ ರವಿಕೆಯಲ್ಲಿ ಎದ್ದು ಕಾಣುವುದು ಕೆಂಪಾದ ಗಾಯದ ಗೆರೆಯೇ. ಚರ್ಮ ಜೋತಿರುವವರಿಗೆ ಲೈಪೊಸಕ್ಷನ್ ಮಾತ್ರ ಮಾಡಿದರೆ ಒಳಗಿನ ಆಸರೆ ಹೋಗಿ ಜೋಲು ಇನ್ನೂ ಹೆಚ್ಚುತ್ತದೆ ಎಂಬುದನ್ನು ಇತರ ಓದುಗರು ಗಮನಿಸಬೇಕು.

ಇಂಜೆಕ್ಷನ್ ವಿಷಯ. ಕೊಬ್ಬಿನ ಕೋಶಗಳನ್ನು ನಾಶಪಡಿಸುವ ಡಿಆಕ್ಸಿಕೋಲಿಕ್ ಆಮ್ಲಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಅನುಮತಿ ನೀಡಿದ್ದು ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ. ನರ, ರಕ್ತನಾಳಗಳು ಹಾದುಹೋಗುವ ತೋಳಿನ ಒಳಬದಿಗೆ, ಸೀಸೆಯ ಮೇಲಿನ ಹೆಸರನ್ನೂ ತೋರಿಸದೆ ಚುಚ್ಚುವವರಿಂದ ದೂರವಿರಿ. ರೇಡಿಯೋ ತರಂಗ, ಅಲ್ಟ್ರಾಸೌಂಡ್ ಯಂತ್ರಗಳಿಂದ ಬಿಗಿಗೊಳಿಸುವ ಚಿಕಿತ್ಸೆಗಳು ಸ್ವಲ್ಪ ಸಡಿಲವಿದ್ದವರಿಗೆ ಸ್ವಲ್ಪವೇ ಫಲ ಕೊಡುತ್ತವೆ. ಅದೂ ತಿಂಗಳುಗಳ ಮೇಲೆ. ಒಳ್ಳೆಯ ದರ್ಜಿಯೊಬ್ಬರು ನಿಮಗೆ ಒಪ್ಪುವ ತೋಳನ್ನು ಹೊಲಿದುಕೊಡುತ್ತಾರೆ. ಮದುವೆ ಮುಗಿದು ವರ್ಷವಾದ ಮೇಲೂ ಇದು ನಿಮ್ಮನ್ನು ಕಾಡುತ್ತಿದ್ದರೆ ಆಗ ಪ್ಲಾಸ್ಟಿಕ್ ಸರ್ಜನ್ನರನ್ನು ಕಾಣಿ. ಹೆರಿಗೆಯ ಯೋಚನೆಯಿದ್ದರೆ ತೂಕ ಏರಿಳಿಯುವುದರಿಂದ ಅದು ಮುಗಿಯುವವರೆಗೆ ಕಾಯುವುದು ಜಾಣತನ.

ಪ್ರಶ್ನೆ: ಸರ್, ನನಗೆ 34. ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇದೆ. ವೈದ್ಯರು ಬರೆದುಕೊಟ್ಟ ವಾರಕ್ಕೊಮ್ಮೆಯ ಇಂಜೆಕ್ಷನ್‌ನಿಂದ ಒಂಬತ್ತು ತಿಂಗಳಲ್ಲಿ 24 ಕಿಲೋ ಇಳಿದಿದ್ದೇನೆ, ಇನ್ನೂ ಇಳಿಯುತ್ತಿದೆ. ಎದೆ ಮತ್ತು ತೋಳು ಜೋತಿವೆ. ಗಂಡಸರೂ ಈ ಆಪರೇಷನ್ ಮಾಡಿಸಿಕೊಳ್ಳಬಹುದೇ? ಈಗಲೇ ಮಾಡಿಸಲೇ?

ಉತ್ತರ: ಗಂಡಸರೂ ಧಾರಾಳವಾಗಿ ಮಾಡಿಸಿಕೊಳ್ಳಬಹುದು, ಸಂಕೋಚ ಬೇಡ. ಆದರೆ ಈಗ ಬೇಡ. ತೂಕ ಇಳಿಸುವ ಮೌಂಜಾರೊ ಮತ್ತು ವೆಗೋವಿ ಇಂಜೆಕ್ಷನ್‌ಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ನಿಮ್ಮಂಥ ಪ್ರಶ್ನೆಗಳು ಹೆಚ್ಚಾಗಿವೆ. ತೂಕ ಇಳಿಯುತ್ತಿರುವಾಗಲೇ ಚರ್ಮ ಕತ್ತರಿಸಿದರೆ, ಇನ್ನು ಹತ್ತು ಕಿಲೋ ಇಳಿದ ಮೇಲೆ ಅದೇ ತೋಳು ಮತ್ತೆ ಜೋಲುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಗುರಿ ತಲುಪಿ, ಔಷಧ ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು ನಿಮ್ಮ ವೈದ್ಯರೊಂದಿಗೆ ಇತ್ಯರ್ಥವಾಗಿ, ಆ ಮೇಲೆ ಆರು ತಿಂಗಳು ತೂಕ ಸ್ಥಿರವಾಗಿ ನಿಲ್ಲಲಿ. ಇಂಜೆಕ್ಷನ್ ನಿಲ್ಲಿಸಿದವರಲ್ಲಿ ಬಹಳ ಮಂದಿಗೆ ತೂಕ ಮತ್ತೆ ಏರುವುದರಿಂದ ಈ ಕೊನೆಯ ಆರು ತಿಂಗಳು ಮುಖ್ಯ.

ಇನ್ನೊಂದು ಸಂಗತಿಯನ್ನು ಮರೆಯದೆ ನೆನಪಿಡಿ. ಈ ಔಷಧಗಳು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿದ್ದು, ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶ ಸೇರುವ ಅಪಾಯವಿದೆ. ಯಾವ ಶಸ್ತ್ರಚಿಕಿತ್ಸೆಗೆ ಹೋದರೂ, ಹಲ್ಲಿನದೋ ಹರ್ನಿಯಾದ್ದೋ ಆಗಲಿ, ಅರಿವಳಿಕೆ ತಜ್ಞರಿಗೆ ಈ ಇಂಜೆಕ್ಷನ್ ಹೆಸರನ್ನೂ ಕೊನೆಯ ಬಾರಿ ತೆಗೆದುಕೊಂಡ ದಿನವನ್ನೂ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಹಿಂದಿನ ದಿನ ದ್ರವಾಹಾರವಷ್ಟೇ ಸಾಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ಸಿಗರೇಟು ಸೇದುವವರಾದರೆ ಶಸ್ತ್ರಚಿಕಿತ್ಸೆಗೆ ಹಿಂದೆ ಮುಂದೆ ಕನಿಷ್ಠ ನಾಲ್ಕು ನಾಲ್ಕು ವಾರ ಪೂರ್ಣವಾಗಿ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಗಾಯದ ಅಂಚು ಕಪ್ಪಾಗಿ ಕೊಳೆಯಬಹುದು. ಗುಟ್ಕಾಕ್ಕೂ ಇದು ಅನ್ವಯಿಸುತ್ತದೆ.

ಪ್ರಶ್ನೆ: ನನಗೆ 58 ವರ್ಷ. ಆರು ವರ್ಷಗಳ ಹಿಂದೆ ಎಡ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ರೇಡಿಯೇಷನ್ ಕೂಡ ಆಗಿದೆ. ಈಗ ಆರೋಗ್ಯವಾಗಿದ್ದೇನೆ. ಎರಡೂ ತೋಳುಗಳ ಚರ್ಮ ಇಳಿದಿದೆ, ಎಡಗೈ ಸಂಜೆ ಹೊತ್ತಿಗೆ ಸ್ವಲ್ಪ ಭಾರವೆನಿಸುತ್ತದೆ. ತೋಳಿನ ಚರ್ಮ ತೆಗೆಸಬಹುದೇ?
— ಮಂಗಳೂರು

ಉತ್ತರ: ಅಮ್ಮಾ, ಎಡಗೈಗೆ ಬೇಡ. ಕೈಯಿಂದ ದುಗ್ಧರಸ, ಅಂದರೆ ಅಂಗಾಂಶಗಳಿಂದ ಒಸರುವ ತಿಳಿದ್ರವ, ಹರಿದು ಎದೆಯ ಕಡೆ ಹೋಗುವ ಮುಖ್ಯ ದಾರಿ ಕಂಕುಳಿನ ಗ್ರಂಥಿಗಳ ಮೂಲಕ. ಅವುಗಳನ್ನು ತೆಗೆದು, ಮೇಲೆ ವಿಕಿರಣವನ್ನೂ ಕೊಟ್ಟಿರುವುದರಿಂದ ಉಳಿದಿರುವ ಸಣ್ಣ ನಾಳಗಳೇ ಆ ಕೆಲಸವನ್ನು ನಿಭಾಯಿಸುತ್ತಿವೆ. ರಟ್ಟೆಯ ಒಳಮಗ್ಗುಲಿನ ಚರ್ಮ ಮತ್ತು ಕೊಬ್ಬನ್ನು ತೆಗೆದರೆ ಅವೂ ಕತ್ತರಿಸಿಹೋಗಿ, ಕೈ ಶಾಶ್ವತವಾಗಿ ಊದಿಕೊಳ್ಳಬಹುದು. ಸಂಜೆ ಹೊತ್ತಿನ ಭಾರ ಅಂಥ ಊತದ ಮೊದಲ ಸೂಚನೆಯೂ ಆಗಿರಬಹುದು, ಆದ್ದರಿಂದ ಮುಂದಿನ ತಪಾಸಣೆಯವರೆಗೆ ಕಾಯದೆ ನಿಮ್ಮ ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಎರಡೂ ಕೈಗಳ ಸುತ್ತಳತೆಯನ್ನು ಅಳೆಸಿ. ತೊಡಕು ಆರಂಭದಲ್ಲೇ ಇದ್ದರೆ ವ್ಯಾಯಾಮ, ಒತ್ತುತೋಳು, ವಿಶೇಷ ಬಗೆಯ ಮೃದು ಮಸಾಜಿನಿಂದ ಹತೋಟಿಯಲ್ಲಿಡಬಹುದು. ಆ ಕೈಗೆ ಗಾಯ, ಸುಟ್ಟ ಬೊಬ್ಬೆ, ಮುಳ್ಳು ಚುಚ್ಚಿದ್ದು ಏನಾದರೂ ಆಗಿ ಕೆಂಪೇರಿ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಬಲಗೈಗೆ ಮಾತ್ರ ಮಾಡಿಸಲು ವೈದ್ಯಕೀಯ ಅಡ್ಡಿ ಕಾಣದಿದ್ದರೂ ಎರಡು ತೋಳು ಎರಡು ತೆರನಾಗಿ ಕಾಣುವುದರಿಂದ ನಾನು ಪ್ರೋತ್ಸಾಹಿಸುವುದಿಲ್ಲ.

ಪ್ರಶ್ನೆ: ನನ್ನ ತಂಗಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಡಿಸೆಂಬರಿನಲ್ಲಿ ಮೂರು ವಾರದ ರಜೆಗೆ ಬರುತ್ತಾಳೆ. ಅಲ್ಲಿ ಖರ್ಚು ವಿಪರೀತವಾದ್ದರಿಂದ ಹೊಟ್ಟೆ ಮತ್ತು ತೋಳಿನ ಚರ್ಮವನ್ನು ಬೆಂಗಳೂರಿನಲ್ಲಿ ಒಟ್ಟಿಗೇ ತೆಗೆಸಿಕೊಂಡು ಹೋಗುವ ಯೋಚನೆ ಇದೆ. ಸಾಧ್ಯವೇ?
— ಮೈಸೂರು

ಉತ್ತರ: ಮೂರು ವಾರ ಸಾಲದು. ಬಂದ ಮೊದಲ ದಿನವೇ ಶಸ್ತ್ರಚಿಕಿತ್ಸೆ ಆಗುವುದಿಲ್ಲ. ಭೇಟಿ, ರಕ್ತಪರೀಕ್ಷೆ, ಯೋಚಿಸಲು ಬಿಡುವು ಎಂದು ಒಂದು ವಾರ ಹೋಗುತ್ತದೆ. ಉಳಿದ ಎರಡು ವಾರದಲ್ಲಿ ಹೊಲಿಗೆ ಬಿಚ್ಚುವುದು ಮುಗಿದೀತು, ಆದರೆ ನೀರು ತುಂಬಿಕೊಳ್ಳುವುದು, ಕಂಕುಳಿನ ಹೊಲಿಗೆ ಬಿಡುವುದು ಮುಂತಾದ ತೊಡಕುಗಳು ಎರಡು ಮೂರನೆಯ ವಾರಗಳಲ್ಲೂ ತಲೆದೋರುತ್ತವೆ. ಅಷ್ಟರಲ್ಲಿ ಅವರು ವಿಮಾನದಲ್ಲಿರುತ್ತಾರೆ. ದೀರ್ಘ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ಗಂಟೆಗಟ್ಟಲೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಹೆಚ್ಚುತ್ತದೆ. ಸೂಟ್‌ಕೇಸ್ ಎಳೆಯುವುದು, ಕೈಚೀಲವನ್ನು ತಲೆಯ ಮೇಲಿನ ಕಪಾಟಿಗೆ ಎತ್ತಿಡುವುದು, ಇವು ಹಸಿಗಾಯದ ತೋಳು ಮಾಡಲೇಬಾರದ ಕೆಲಸಗಳು. ಹೊಟ್ಟೆ ಮತ್ತು ತೋಳು ಎರಡನ್ನೂ ಒಟ್ಟಿಗೆ ಮಾಡುವುದುಂಟು, ಆದರೆ ಹಾಸಿಗೆಯಿಂದ ಏಳಲು ಹೊಟ್ಟೆಗೆ ಬಲವಿಲ್ಲ, ಊರಲು ಕೈಗೆ ಬಲವಿಲ್ಲ ಎಂಬಂತಾಗುತ್ತದೆ. ಆರರಿಂದ ಎಂಟು ವಾರ ಉಳಿಯಲು ಸಾಧ್ಯವಾಗುವ ವರ್ಷಕ್ಕೆ ಇದನ್ನು ಮುಂದೂಡಲಿ. ಅಲ್ಲಿಗೆ ಹಿಂದಿರುಗಿದ ಮೇಲೆ ಗಾಯ ನೋಡುವ ವೈದ್ಯರು ಯಾರೆಂಬುದನ್ನೂ ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಲಿ.

ಪ್ರಶ್ನೆ: ಜಾಹೀರಾತುಗಳಲ್ಲಿ ಎಲ್ಲರೂ "ಕಾಸ್ಮೆಟಿಕ್ ಸರ್ಜನ್" ಎಂದೇ ಇರುತ್ತಾರೆ. ನಿಜವಾದ ಅರ್ಹತೆ ಇದ್ದವರನ್ನು ಹೇಗೆ ಗುರುತಿಸಬೇಕು? ಆರೋಗ್ಯ ವಿಮೆಯಲ್ಲಿ ಹಣ ಬರುತ್ತದೆಯೇ?
— ದಾವಣಗೆರೆ

ಉತ್ತರ: ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮತ್ತು ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂ.ಎಸ್. ಮುಗಿಸಿ, ಅನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೂರು ವರ್ಷದ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ರಾಷ್ಟ್ರೀಯ ಮಂಡಳಿಯ ಪದವಿ ಪಡೆದವರು ಪ್ಲಾಸ್ಟಿಕ್ ಸರ್ಜನ್ನರು. ಫಲಕದಲ್ಲಿ ಇದು ಸ್ಪಷ್ಟವಾಗಿ ಇಲ್ಲದಿದ್ದರೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರಾದರೆ ಅಲ್ಲಿಂದ ಎದ್ದು ಬನ್ನಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯಿಂದ ವೈದ್ಯರ ಪದವಿಗಳನ್ನು ಪರಿಶೀಲಿಸಬಹುದು. ವೈದ್ಯರಷ್ಟೇ ಮುಖ್ಯವಾದದ್ದು ಜಾಗ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ಸೌಂದರ್ಯದ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ಅರಿವಳಿಕೆಯೇ. ಆದ್ದರಿಂದ ಆ ಆಸ್ಪತ್ರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಯಾವ ಬಗೆಯ ಸಂಸ್ಥೆಯೆಂದು ನೋಂದಣಿಯಾಗಿದೆ, ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಇರುತ್ತಾರೆಯೇ, ರಾತ್ರಿ ತೊಂದರೆಯಾದರೆ ತೀವ್ರ ನಿಗಾ ಘಟಕ ಅಲ್ಲೇ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಮೊದಲಿನ ಮತ್ತು ಆಮೇಲಿನ ಚಿತ್ರಗಳನ್ನು ಎಲ್ಲರೂ ತೋರಿಸುತ್ತಾರೆ. ನೀವು ಕೇಳಬೇಕಾದದ್ದು, ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದ ಮೇಲೆ, ಕೈ ಮೇಲೆತ್ತಿ, ಕಲೆ ಪೂರ್ತಿ ಕಾಣುವಂತೆ, ನಿಮ್ಮಂಥದೇ ಮೈಬಣ್ಣದವರದಾದ ಚಿತ್ರವನ್ನು. ಅಂಥ ಒಂದೆರಡು ಚಿತ್ರಗಳೂ ಅವರಲ್ಲಿ ಇಲ್ಲವೆಂದರೆ ಇನ್ನೊಬ್ಬರ ಸಲಹೆ ಪಡೆಯಿರಿ.

ವಿಮೆಯಿಂದ ಹಣ ಬರುವ ಆಸೆ ಇಟ್ಟುಕೊಳ್ಳಬೇಡಿ. ವಿಮೆ ಅನ್ವಯಿಸದ ಚಿಕಿತ್ಸೆಗಳ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿರುವ ಪ್ರಮಾಣಿತ ಪಟ್ಟಿಯಲ್ಲೇ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣ ಅಥವಾ ರೋಗಿಯ ಆರೋಗ್ಯಕ್ಕೆ ನೇರವಾದ ಅಪಾಯವನ್ನು ನಿವಾರಿಸುವ ಚಿಕಿತ್ಸೆ ಇವುಗಳನ್ನು ಹೊರತುಪಡಿಸಿ ರೂಪ ಬದಲಿಸುವ ಶಸ್ತ್ರಚಿಕಿತ್ಸೆಗಳೆಲ್ಲ ಸೇರಿವೆ. ಪದೇಪದೇ ಬರುವ ಚರ್ಮದ ಸೋಂಕಿಗೆ ಚರ್ಮತಜ್ಞರು ತಿಂಗಳುಗಟ್ಟಲೆ ಚಿಕಿತ್ಸೆ ಕೊಟ್ಟ ದಾಖಲೆ ಇದ್ದರೆ ಅರ್ಜಿ ಹಾಕಿ ನೋಡಬಹುದು, ಆದರೆ ಕಂಪನಿ ಒಪ್ಪುತ್ತದೆಂದು ನಂಬಿ ದಿನಾಂಕ ಗೊತ್ತುಮಾಡಬೇಡಿ. ಲಿಖಿತ ಪೂರ್ವಾನುಮತಿ ಕೈಗೆ ಬರಲಿ. ಆಯುಷ್ಮಾನ್ ಯೋಜನೆಯಲ್ಲಿಯೂ ಇದಕ್ಕೆ ಅವಕಾಶವಿಲ್ಲ. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಇತರ ಚಿಕಿತ್ಸೆಗಳಿಗಿರುವ ಜಿ.ಎಸ್.ಟಿ. ರಿಯಾಯಿತಿಯೂ ಇಲ್ಲ. ಹೀಗಾಗಿ ಅಂದಾಜು ಪಟ್ಟಿ ಕೇಳುವಾಗ ತೆರಿಗೆ, ಅರಿವಳಿಕೆ ತಜ್ಞರ ಶುಲ್ಕ, ಒತ್ತುತೋಳು, ಆಮೇಲಿನ ಪಟ್ಟಿ ಕಟ್ಟುವ ಭೇಟಿಗಳು, ಮತ್ತು ಕಲೆಯನ್ನು ಮುಂದೆ ಸರಿಪಡಿಸಬೇಕಾಗಿ ಬಂದರೆ ಅದರ ಖರ್ಚು ಯಾರದು ಎಂಬುದು, ಇಷ್ಟೂ ಬರವಣಿಗೆಯಲ್ಲಿ ಇರುವಂತೆ ನೋಡಿಕೊಳ್ಳಿ.